ಸುಧಾಕರನ ವಿಮಾನ ಇಳಿಯುವ ದಿನ

ಕಿರಿಮಂಜೇಶ್ವರದ ದೇವಸ್ಥಾನ ದಾಟಿ ಕಡಲಿನ ಕಡೆಗೆ ಹತ್ತು ನಿಮಿಷ ನಡೆದರೆ ಉಳುಮೆಯಿಲ್ಲದ ಬಯಲು, ಒಂದು ಹಕ್ಕಲು ಸಿಗುತ್ತದೆ. ಗೇರು ಮರಗಳ ನಡುವೆ ಅರ್ಧ ಕಿಲೋಮೀಟರ್ ಉದ್ದಕ್ಕೆ ಬರೀ ಹುಲ್ಲು, ಅದರ ತುದಿಗೆ ತಗಡು ಹೊದೆಸಿದ ದೊಡ್ಡದೊಂದು ಶೆಡ್ಡು. ಶೆಡ್ಡು ಈಗ ನಮ್ಮ ಶಟ್ಲ್ ಕೋರ್ಟು. ಸೊಸೈಟಿಯಲ್ಲಿ ಗುಮಾಸ್ತನಾಗಿರುವ ನಾನು, ಹಾರ್ಡ್‌ವೇರ್ ಅಂಗಡಿಯ ಸುಜಯ್, ಹೋದ ವರ್ಷ ದಾವಣಗೆರೆಯಿಂದ ವರ್ಗವಾಗಿ ಬಂದ ಪಶುವೈದ್ಯೆ ಕ್ಷಮಾ, ಇನ್ನೂ ಇಬ್ಬರು ಮೂವರು ದಿನಾ ಸಂಜೆ ಐದಕ್ಕೆ ಅಲ್ಲಿ ಸೇರುತ್ತೇವೆ. ಕೀಲಿಕೈ ಹಿರಿಯಣ್ಣನವರ ಹತ್ತಿರ. ಎಪ್ಪತ್ತನಾಲ್ಕು ವರ್ಷದ ಹಿರಿಯಣ್ಣ ಗಂಗೊಳ್ಳಿ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡಿ ಕೈ ಸವೆಸಿದವರು. ಬಾಯಿ ಮಾತ್ರ ಇನ್ನೂ ಸವೆದಿಲ್ಲ, ನಮ್ಮಲ್ಲಿ ಯಾರು ಶಾಟ್ ತಪ್ಪಿಸಿದರೂ ಮೂಲೆಯಿಂದ ಒಂದು ಕುಹಕ ಬಂದೇ ಬರುತ್ತದೆ.

ಈ ಸಲದ ವಿಜಯದಶಮಿಯ ದಿನ ಅವರ ಮುಖ ಸರಿಯಿರಲಿಲ್ಲ. ನಾವು ಹೋದಾಗ ಬಾಗಿಲಲ್ಲೇ ನಿಂತಿದ್ದರು, ಹುಲ್ಲಿನ ನೀರಿಗೆ ಪಂಚೆ ಮೊಣಕಾಲಿನವರೆಗೆ ಒದ್ದೆ. ಬೈಕನ್ನು ಹುಲ್ಲಿನ ಅಂಚಿಗೆ ನಿಲ್ಲಿಸಿದ ಸುಜಯ್ ಬಾಳೆಎಲೆಯಲ್ಲಿ ಹೂವು, ಗಂಧ, ಅಕ್ಷತೆ ಕಟ್ಟಿಕೊಂಡು ಬಂದಿದ್ದ. ಹಿಂದಿನ ದಿನ ಆಯುಧ ಪೂಜೆಗೆ ಬಿಡುವಾಗಿರಲಿಲ್ಲ, ನೆಟ್ಟಿನ ಕಂಬಕ್ಕೂ ಬ್ಯಾಟುಗಳಿಗೂ ಇವತ್ತಾದರೂ ಒಂದು ಹೂವು ಇಡೋಣ ಎಂಬುದು ಅವನ ಲೆಕ್ಕ.

"ಹ್ವಾಯ್, ಅದ್ನ್ ಹೊರ್ಗೇ ಇಡ್. ಈ ಶೆಡ್ಡಂಗೆ ಪೂಜೆ ಗೀಜೆ ಎಂತದೂ ಬ್ಯಾಡ" ಎಂದರು ಹಿರಿಯಣ್ಣ.

"ಎಂತಕ್? ನೀವ್ ಯಾವಾಗ್ಳಿಂದ ನಾಸ್ತಿಕ ಆದ್ದ್?" ಎಂದು ಸುಜಯ್ ನಕ್ಕ. ಹಿರಿಯಣ್ಣ ನಗಲಿಲ್ಲ. ಎಲೆಯನ್ನು ಅವನ ಕೈಯಿಂದ ತೆಗೆದುಕೊಂಡು ಹೊರಗಿನ ಕಲ್ಲಿನ ಮೇಲೆ ಇಟ್ಟು ಬಂದರು.

ಎರಡು ಗೇಮ್ ಮುಗಿಯುವಷ್ಟರಲ್ಲಿ ಕಡಲಿನ ಕಡೆಯಿಂದ ಮಳೆ ಬಂತು. ತಗಡಿನ ಮೇಲೆ ಎಂಥ ಸದ್ದು ಎಂದರೆ ಪಾಯಿಂಟ್ ಕೂಗಿದರೂ ಕೇಳಿಸದು. ಕರೆಂಟೂ ಹೋಯಿತು. ಆರು ಗಂಟೆ ಆಗಿರಲಿಲ್ಲ, ಆದರೂ ಒಳಗೆ ಮಬ್ಬು ಕವಿದು ನಾವೆಲ್ಲ ಒಂದು ಹಳೆಯ ಟಾರ್ಪಾಲಿನ ಮೇಲೆ ಕೂತೆವು. ಮಳೆ ಸ್ವಲ್ಪ ತಗ್ಗಿದಾಗ ಕ್ಷಮಾ ಕೇಳಿದಳು, ಈ ಶೆಡ್ಡಿನಲ್ಲಿ ಪೂಜೆ ಯಾಕೆ ಬೇಡ ಎಂದು. ಹಿರಿಯಣ್ಣ ಹೊರಗಿನ ಹುಲ್ಲನ್ನು ನೋಡುತ್ತಲೇ ಹೇಳತೊಡಗಿದರು. ನಮ್ಮ ಕುಂದಾಪ್ರ ಕನ್ನಡ ವೇಗಕ್ಕೆ ಬಿದ್ದರೆ ಕ್ಷಮಾಗೆ ಅರ್ಧ ಹಾರಿಹೋಗುತ್ತದೆ ಎಂದು ಆದಷ್ಟು ಶಾಲೆಯ ಕನ್ನಡದಲ್ಲೇ ಹೇಳಿದರು.

*

ಡಾಕ್ಟ್ರಮ್ಮ, ಈಗ ನೀವು ಕಾಲು ನೀಡಿ ಕೂತಿದ್ದೀರಲ್ಲ, ಅಲ್ಲಿಗೇ ಅದರ ಮೂತಿ ಬರ್ತಿತ್ತು. ಬಾಲ ಆ ಕಂಬದ ಹತ್ತಿರ. ವಿಮಾನ ಅಂದ್ರೆ ಮಂಗಳೂರಲ್ಲಿ ಇಳಿಯುವಂಥದ್ದು ಅಂತ ಎಣಿಸ್ಬೇಡಿ... ಎರಡೇ ಸೀಟು, ಅಕ್ಕಪಕ್ಕ ಕೂತ್ರೆ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗ್ತದೆ. ರೆಕ್ಕೆ ಮೇಲೆ, ಸೀಟು ಕೆಳಗೆ. ಇಬ್ಬರು ಸೇರಿ ನೂಕಿದ್ರೆ ಕರುವಿನ ಹಾಗೆ ಒಳಗೆ ಬರ್ತಿತ್ತು. ಅದಕ್ಕೆ ಡಾಂಬರು ಬೇಡ, ಕಾಂಕ್ರೀಟು ಬೇಡ, ಕಲ್ಲಿಲ್ಲದ ಹುಲ್ಲು ಇದ್ರೆ ಸಾಕು. ಈ ಹುಲ್ಲು ಅದಕ್ಕೇ ಬೆಳೆಸಿದ್ದು, ದನಕ್ಕಲ್ಲ.

ಬೆಳೆಸಿದವ ಸುಧಾಕರ. ಸುಜಯ್‌ಗೆ ಗೊತ್ತಿದೆ, ಇವ ಆಗ ಹೈಸ್ಕೂಲಿನಲ್ಲಿದ್ದ. ಹದಿನಾಲ್ಕು ವರ್ಷಕ್ಕೆ ಬೊಂಬಾಯಿಗೆ ಹೋದವ ಸುಧಾಕರ, ಅಂಧೇರಿ ಕಡೆ ಯಾವುದೋ ಕ್ಯಾಂಟೀನಿನಲ್ಲಿ ಪ್ಲೇಟು ತೊಳೀತಾ, ತಲೆ ಮೇಲೆ ಇಷ್ಟೇ ಎತ್ತರದಲ್ಲಿ ಹೋಗುವ ವಿಮಾನದ ಹೊಟ್ಟೆ ನೋಡ್ತಾ ಬೆಳೆದವ. ಆಮೇಲೆ ಸ್ವಂತ ಹೋಟೆಲು ಆಯ್ತು, ಒಂದಲ್ಲ ಎರಡು. ಎಲ್ಲರೂ ಎಂತ ಮಾಡ್ತಾರೆ? ಊರಿಗೆ ಬಂದು ಒಂದು ಕಲ್ಯಾಣ ಮಂಟಪ ಕಟ್ಟಿಸ್ತಾರೆ. ಇವ ಹಾರುವುದು ಕಲಿತು, ಲೈಸೆನ್ಸ್ ಮಾಡಿ, ಯಾರೋ ಹಾರಿಸಿ ಬಿಟ್ಟ ಹಳೇ ವಿಮಾನ ತಗೊಂಡು, ಗೇರು ಬಿಟ್ರೆ ಬೇರೆ ಎಂತದೂ ಬೆಳೆಯದ ಈ ಹಕ್ಕಲಿಗೆ ತಂದ. ಊರವರು ನಗಾಡಿದ್ರು. ನಾನೂ ನಗಾಡಿದ್ದೇನೆ, ಸುಳ್ಳು ಯಾಕೆ ಹೇಳುವುದು... ಬಂದರಿನಲ್ಲಿ ನನ್ನ ಹತ್ತಿರ ಬಂದು, "ಹಿರಿಯಣ್ಣ, ನಂಗೆ ಎಂಜಿನ್ ಕಾಂಬೂಕ್ ಒಂದ್ ಜನ ಬೇಕ್, ನೀವ್ ಬತ್ರಿಯಾ?" ಅಂತ ಕೇಳಿದಾಗ, "ನಿನ್ನ ಎಂಜಿನ್ ಕೆಟ್ರೆ ಈಜಿ ದಡ ಸೇರೂಕಾತ್ತಾ?" ಅಂತ ತಮಾಷೆ ಮಾಡಿದೆ. ಆ ಮಾತು ನನ್ನ ಬಾಯಲ್ಲಿ ಯಾಕೆ ಬಂತೋ.

ಬಂದೆ. ಬಂದವನು ಮತ್ತೆ ಬಿಡ್ಲಿಲ್ಲ. ಒಂಟಿ ಜೀವ ನಂದು, ಮನೆಯಲ್ಲಿ ಕಾಯುವವರು ಯಾರೂ ಇಲ್ಲ, ಅವನ ತಾಯಿ ಅಮ್ಮಣ್ಣಿಯಮ್ಮ ದಿನಾ ಇಬ್ಬರಿಗೂ ಊಟ ಕಳಿಸ್ತಿದ್ರು. ಸಂಜೆ ನಾಲ್ಕೂವರೆಗೆ ಕಡಲ ಗಾಳಿ ಸ್ವಲ್ಪ ತಗ್ಗುವ ಹೊತ್ತಿಗೆ ಅವ ಹಾರುವುದು. ನಾನು ಮೊದಲು ಆ ತುದಿಯಿಂದ ಈ ತುದಿವರೆಗೆ ನಡೆದು ದನ ಅಟ್ಟಬೇಕು, ನಾಯಿ ಅಟ್ಟಬೇಕು. ವಿಮಾನದ ಮುಂದಿನದೆಲ್ಲ ಅವ ನೋಡುವುದು, ಸೀಟಿನ ಹಿಂದೆ ಇರುವ ಪೆಟ್ರೋಲ್ ಟ್ಯಾಂಕು, ಬಾಲ, ಇದೆಲ್ಲ ನಾನು ನೋಡುವುದು. ಹತ್ತುವ ಮುಂಚೆ ಅವ ಒಂದೇ ಮಾತು ಕೇಳ್ತಿದ್ದ, "ಹಿಂದೆ ಎಲ್ಲ ಕಂಡ್ರ್ಯಾ?" ನಾನು, "ಕಂಡಿದೆ" ಅನ್ನಬೇಕು. ಅಂದ ಮೇಲೆ ಅವ ಇನ್ನೊಮ್ಮೆ ತಿರುಗಿ ನೋಡ್ತಿರ್ಲಿಲ್ಲ. ನಂಬಿಕೆ. ಕಟ್ಟಿಕೊಂಡ ಹೆಂಡತಿಯನ್ನೂ ಜನ ಅಷ್ಟು ನಂಬುವುದಿಲ್ಲ.

ಇಳಿದ ಮೇಲೆ ಇನ್ನೊಂದು ಕ್ರಮ ಇತ್ತು. ಇದೇ ಬಾಗಿಲಲ್ಲಿ ಕೂತು, ಬೈರಾಸಿನಲ್ಲಿ ಕುತ್ತಿಗೆ ಒರೆಸ್ತಾ, ಒಂದು ಪುಸ್ತಕ ಬಿಡಿಸಿ ಕೇಳ್ತಿದ್ದ, "ಎಂತ ಆಯ್ತ್ ಹಿರಿಯಣ್ಣ ಇವತ್ತ್?" ಎಂಜಿನ್ ಎಲ್ಲಿ ಕೆಮ್ಮಿತು, ಚಕ್ರ ಎಲ್ಲಿ ಜಾರಿತು, ನಾನು ಕೆಳಗಿನಿಂದ ಕಂಡದ್ದು, ಅವ ಮೇಲಿನಿಂದ ಕಂಡದ್ದು, ಎಲ್ಲ ಬರೀತಿದ್ದ. ಮರೆವು ಅನ್ನುವುದೇ ಇಲ್ಲದ ಮನುಷ್ಯ. ಪೆಟ್ರೋಲು ಎಷ್ಟು ಹಾಕಿದ್ದು, ಎಷ್ಟು ಉಳಿದದ್ದು, ಕೋಲು ಇಳಿಸಿ ಅಳೆದು ಬರೆದು, ಅದನ್ನು ಮತ್ತೆ ನನ್ನ ಹತ್ತಿರ ಓದಿಸುವವ. ಇದನ್ನು ಸರಿಯಾಗಿ ಕೇಳಿಸ್ಕೊಳ್ಳಿ ನೀವು... ಅವ ಮರೆಯುವವನಲ್ಲ.

ಬಂದ ಹೊಸದರಲ್ಲಿ ನನಗೆ ಒಂದು ವಿಷಯ ಹೇಳಿಕೊಟ್ಟಿದ್ದ. ಟ್ಯಾಂಕಿನ ಮುಚ್ಚಳ ವಿಮಾನದ ಬೆನ್ನಿನ ಮೇಲೆ ಬರ್ತದೆ, ಅದರ ನಡುವೆ ಒಂದು ಸಣ್ಣ ತೂತು. ಎಣ್ಣೆ ಡಬ್ಬಕ್ಕೆ ನಾವು ಎರಡು ಕಡೆ ತೂತು ಮಾಡುವುದಿಲ್ವಾ? ಒಂದೇ ಮಾಡಿದ್ರೆ ಎಣ್ಣೆ ಇಳಿಯುವುದಿಲ್ಲ, ಗಾಳಿ ಒಳಗೆ ಹೋಗ್ಬೇಕು. ಹಾಗೇ ಇದು. "ಇದ್ ಅದ್ರ ಮೂಗ್. ಇದ್ ಕಟ್ರೆ ಟ್ಯಾಂಕ್ ತುಂಬ ಇದ್ರೂ ಎಂಜಿನ್‌ಗೆ ಹನಿ ಬಪ್ಪುದಿಲ್ಲೆ" ಅಂದಿದ್ದ. ನಾನು ತಲೆ ಆಡಿಸಿದ್ದೆ. ನಲವತ್ತು ವರ್ಷ ಎಂಜಿನ್ ಜೊತೆ ಬದುಕಿದವನಿಗೆ ಇದು ದೊಡ್ಡ ವಿದ್ಯೆಯಾ?

ವಿಮಾನ ಬಂದದ್ದು ಜನವರಿಯಲ್ಲಿ. ಮಳೆಗಾಲ ಪೂರ್ತಿ ಈ ಟಾರ್ಪಾಲಿನ ಅಡಿಯಲ್ಲಿ ಮಲಗಿತ್ತು. ನವರಾತ್ರಿ ಬಂತು, ಅದಕ್ಕೆ ಮೊದಲನೇ ಆಯುಧ ಪೂಜೆ. ಸುಧಾಕರನಿಗೆ ಅದರಲ್ಲಿ ಅಷ್ಟೇನೂ ಇಲ್ಲ, "ಒಂದ್ ಹೂಗ್ ಇಡಿ ಸಾಕ್" ಅಂದು ಬೈಂದೂರಿಗೆ ಹೋದ, ತಂಗಿ ಸುಗುಣ ಅಲ್ಲಿ ಹೊಸದಾಗಿ ಹೊಲಿಗೆ ಅಂಗಡಿ ಹಾಕಿದ್ಲು, ಅಲ್ಲಿಯ ಪೂಜೆಗೆ. ನಾನು ಬೆಳಿಗ್ಗೆಯೇ ಮೂವತ್ತು ಲೀಟರ್ ಪೆಟ್ರೋಲು ಹಾಕಿ, ಕೋಲು ಇಳಿಸಿ ನೋಡಿ, ಪುಸ್ತಕದಲ್ಲಿ ಬರೆದೆ. ಆಮೇಲೆ ತೊಳೆದೆ. ತೊಳೆದು ಒರೆಸಿ ನಿಂತಾಗ ಮನಸ್ಸಿಗೆ ಎಂತದೋ ಆಯ್ತು... ಬೋಟು ಕೆಟ್ರೆ ನೀರಿನ ಮೇಲಾದ್ರೂ ನಿಲ್ತದೆ, ಇದು ಕೆಟ್ರೆ ಎಲ್ಲಿ ನಿಲ್ತದೆ? ಒಂದು ಹೂವಿನಲ್ಲಿ ಮುಗಿಸುವುದಾ? ಹಟ್ಟಿಯಂಗಡಿ ಗಣಪತಿಯ ಪ್ರಸಾದ ತರಿಸಿದ್ದೆ. ಒಂದು ಗಂಧದ ಕೊರಡು ಪೂರ್ತಿ ತೇದೆ. ಮೂತಿಗೆ ಹಚ್ಚಿದೆ, ಚಕ್ರಕ್ಕೆ ಹಚ್ಚಿದೆ, ರೆಕ್ಕೆಗೆ, ಬಾಲಕ್ಕೆ... ಕಡೆಗೆ ಏಣಿ ಇಟ್ಟು ಬೆನ್ನಿಗೆ ಹತ್ತಿ ಮುಚ್ಚಳಕ್ಕೂ ಹಚ್ಚಿದೆ. ಅದು ಅನ್ನ ಉಣ್ಣುವ ಬಾಯಿ ಅಲ್ವಾ, ಅದನ್ನು ಬಿಡುವುದು ಹೇಗೆ? ದಪ್ಪಕ್ಕೆ ಹಚ್ಚಿ, ಮೇಲೆ ನಾಲ್ಕು ಅಕ್ಷತೆ ಕಾಳು ಒತ್ತಿದೆ. ಒಂದು ಕಾಳಿಗೆ ನಿಲ್ಲಲಿಕ್ಕೆ ಸರಿಯಾದ ಸಣ್ಣ ಗುಳಿ ಸಿಕ್ಕಿತು. ಹೆಬ್ಬೆರಳಲ್ಲಿ ಒತ್ತಿದೆ, ಚಂದ ಕೂತಿತು.

ಮುಂದಿನದು ಹೇಳ್ಬೇಕಾ?

ಮರುದಿನ ವಿಜಯದಶಮಿ. ಮೇಲಿದ್ದ ಸೇವಂತಿಗೆ ಮಾಲೆ ತೆಗೆದೆ, ಗಂಧ ಒಣಗಿ ಗಟ್ಟಿಯಾಗಿತ್ತು, ಇರಲಿ, ಶುಭ ಅಂತ ಬಿಟ್ಟೆ. ನಾಲ್ಕೂವರೆಗೆ ಸುಧಾಕರ ಬಂದ. ಮೂತಿಯ ಗಂಧ ನೋಡಿ ನಗಾಡಿದ, "ಮದ್ಮಗನ್ ಹಂಗೆ ಕಾಣ್ತಿತ್ತಲೆ ಮಾರಾಯ್ರೆ" ಅಂದ. ಮತ್ತೆ ದಿನದ ಹಾಗೆ ಕೇಳಿದ, "ಹಿಂದೆ ಎಲ್ಲ ಕಂಡ್ರ್ಯಾ?"

"ಕಂಡಿದೆ" ಅಂದೆ.

ಹಾರಿದ. ಮರವಂತೆ ಕಡೆ ಹೋಗಿ, ಒಂದು ಬದಿ ಹೊಳೆ ಒಂದು ಬದಿ ಕಡಲು ಇರುವಲ್ಲಿ ತಿರುಗಿ, ಕಡಲ ಮೇಲಿಂದ ವಾಪಾಸು ಬರುವುದು ಅವನಿಗೆ ಇಷ್ಟ. ನಾನು ಆ ಪಡುಗಡೆ ತುದಿಯಲ್ಲಿ ನಿಂತು ಕೇಳ್ತಿದ್ದೆ. ಎಂಜಿನ್ ಸದ್ದು ಚೆನ್ನಾಗಿತ್ತು. ದೊಡ್ಡದಾಗ್ತಾ ಬಂತು... ಮತ್ತೆ ಒಮ್ಮೆ ಕೆಮ್ಮಿತು. ಎರಡನೇ ಸಲ ಕೆಮ್ಮಿತು. ಮತ್ತೆ ಎಂತದೂ ಇಲ್ಲ. ಅಲೆಯ ಸದ್ದು ಮಾತ್ರ. ಎಂಜಿನ್ ನಿಂತ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ ಡಾಕ್ಟ್ರಮ್ಮ, ಅದು ನಿಧಾನಕ್ಕೆ ಇಳೀತದೆ, ಅವ ಅದನ್ನು ಹಿಡಿದು ಹಿಡಿದು ದಡದ ಕಡೆ ತಂದ. ಇನ್ನು ಐವತ್ತು ಅಡಿ ಬಂದಿದ್ರೆ ಒಣ ಮರಳು ಸಿಕ್ತಿತ್ತು. ಅಲೆ ಒಡೆಯುವಲ್ಲಿಗೆ ಬಂದು ಮೂತಿ ಹೂತು ಬಿತ್ತು.

ಒಂದು ಮೈಲಿ ಓಡಿದೆ ನಾನು. ಮೊದಲು ಹೋಗಿ ಮುಟ್ಟಿದವ ನಾನೇ. ಹೊಟ್ಟೆ ಒಡೆದು ಟ್ಯಾಂಕು ಕೆಳಗೆ ಸೀಳಿಹೋಗಿತ್ತು, ಪೆಟ್ರೋಲು ಅಲೆ ಜೊತೆ ಬಣ್ಣ ಬಣ್ಣವಾಗಿ ಹೋಗ್ತಿತ್ತು. ಬೆನ್ನು ಮಾತ್ರ ನೀರಿನ ಮೇಲೆ. ಆ ಬೆನ್ನಿನ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ನನ್ನ ಗಂಧ, ಗಂಧದ ನಡುವೆ ಸರಿಯಾಗಿ ಆ ತೂತಿನಲ್ಲಿ ನಾನು ಒತ್ತಿದ ಅಕ್ಕಿಕಾಳು. ಕಂಡ ಕೂಡಲೇ ಗೊತ್ತಾಯ್ತು ನನಗೆ. ಹೇಳಿಕೊಟ್ಟಿದ್ದನಲ್ಲ.

ಅವ ಇನ್ನೂ ಇದ್ದ. ಎದೆ ಮೇಲೆ ಕಬ್ಬಿಣ ಕೂತಿತ್ತು, ಎಳೀಲಿಕ್ಕೆ ನನ್ನೊಬ್ಬನ ಕೈಯಲ್ಲಿ ಆಗ್ಲಿಲ್ಲ. ಕಣ್ಣು ಬಿಟ್ಟು ನನ್ನನ್ನು ಕಂಡ. ನೋವು ಅಂತ ಹೇಳ್ಲಿಲ್ಲ, ಅಮ್ಮ ಅಂತ ಹೇಳ್ಲಿಲ್ಲ. "ಎಂತ ಆದ್ದ್ ಹಿರಿಯಣ್ಣ? ಪೆಟ್ರೋಲ್ ಇತ್ತಲೆ?" ಅಂತ ಕೇಳಿದ.

ನಾನು, "ಗೊತ್ತಿಲ್ಲೆ" ಅಂದೆ.

ಅದೇ ಅವನ ಕಿವಿಗೆ ಬಿದ್ದ ಕೊನೆಯ ಮಾತು. ಸಾಯುವವನಿಗೆ ನಾನು ಕೊಟ್ಟದ್ದು ಅದು... ಮತ್ತೆ ಜನ ಓಡಿ ಬರುವುದು ದೂರದಲ್ಲಿ ಕಂಡಿತು. ನಾನು ಎಂತ ಮಾಡಿದೆ ಗೊತ್ತಾ? ಅವನ ಕಣ್ಣು ಮುಚ್ಚಿಸ್ಲಿಲ್ಲ. ಬೆನ್ನಿನ ಮೇಲೆ ಕೈ ಹಾಕಿ, ಉಗುರಿನಲ್ಲಿ ಆ ಗಂಧ ಕೆರೆದೆ. ಕಾಳು ಕಿತ್ತು ಕಡಲಿಗೆ ಬಿಸಾಡಿದೆ. ಉಪ್ಪು ನೀರಿನಲ್ಲಿ ತೊಳೆದೆ.

ವಿಚಾರಣೆಗೆ ದೂರದಿಂದ ಅಧಿಕಾರಿಗಳು ಬಂದ್ರು. ಟ್ಯಾಂಕಿನಲ್ಲಿ ಬರೀ ಕಡಲ ನೀರು ಮರಳು. ಪೆಟ್ರೋಲು ಎಷ್ಟಿತ್ತು ಅಂತ ನನ್ನನ್ನು ಕೇಳಿದ್ರು. ಎಷ್ಟು ಅಂತ ಹೇಳಿದ್ರೆ ಮುಂದಿನ ಪ್ರಶ್ನೆ ಬರ್ತದೆ, ಇದ್ದೂ ಯಾಕೆ ನಿಂತಿತು ಅಂತ. "ನಾನ್ ಕಾಣ್ಲಿಲ್ಲೆ ಸಾರ್, ಅವ್ರೇ ಹಾಕ್ಕಂತಿದ್ರ್" ಅಂದೆ. ಪುಸ್ತಕ ಎಲ್ಲಿ ಅಂತ ಕೇಳಿದ್ರು. ವಿಮಾನದಲ್ಲೇ ಇತ್ತು, ಕಡಲಿಗೆ ಹೋಯ್ತು ಅಂದೆ. ಪುಸ್ತಕ ನಮ್ಮ ಮನೆ ಒಲೆಗೆ ಹೋಗಿತ್ತು. ಹಾರಿಸುವವನು ಪೆಟ್ರೋಲು ನೋಡದೆ ಹಾರಿದ್ದೇ ಕಾರಣ ಅಂತ ಬರ್ಕೊಂಡು ಹೋದ್ರು. ಮುಗೀತು.

ಮುಗೀಲಿಲ್ಲ. ಜನ ಬಿಡ್ತಾರಾ? ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಾರ ಬೈಕು ದಾರಿಯಲ್ಲಿ ಪೆಟ್ರೋಲು ಮುಗಿದು ನಿಂತ್ರೂ, "ಎಂತ, ಸುಧಾಕರ ಆಯ್ತಾ?" ಅಂತ ಕೇಳುವುದು ಒಂದು ರೂಢಿಯೇ ಆಗಿಹೋಯ್ತು. ಸುಜಯ್, ನೀನೂ ಹೇಳಿದ್ದೆ, ತಲೆ ತಗ್ಗಿಸ್ಬೇಡ. ಆ ಮಾತು ಸುಗುಣನ ಅಂಗಡಿಯ ಎದುರೇ ಜನ ಹೇಳ್ತಿದ್ರು, ಅವಳು ಮಿಷನ್ ನಿಲ್ಲಿಸಿ ಸುಮ್ಮನೆ ಕೂತುಬಿಡ್ತಿದ್ಲು, ನಾನು ಕಣ್ಣಲ್ಲಿ ಕಂಡಿದ್ದೇನೆ. ಅಮ್ಮಣ್ಣಿಯಮ್ಮ ಮಾತ್ರ ಬೇರೆ ದಾರಿ ಹಿಡಿದ್ರು. ಮಗ ಮರೆಗುಳಿ ಅಂತ ತಾವೇ ನಂಬಿಕೊಂಡ್ರು. "ಅವ ಸಣ್ಣದಿಪ್ಪತಿಗೂ ಹಂಗೇ ಹಿರಿಯಣ್ಣ, ಶಾಲಿಗ್ ಹೋಪತಿಗೆ ಚೀಲ ಬಿಟ್ಟಿಕ್ಕಿ ಹೋತಿದ್ದ" ಅಂತ ಹೇಳುವರು. ಆ ಹುಡುಗ ಒಂದು ದಿನವೂ ಚೀಲ ಬಿಟ್ಟು ಹೋದವನಲ್ಲ. ಇಲ್ಲದ ಮಗನನ್ನು ಅವರು ಕಟ್ಟಿಕೊಂಡದ್ದು ನನ್ನ ಸುಳ್ಳಿಗೆ ಸರಿ ಹೊಂದಲಿ ಅಂತ.

ವಾರಕ್ಕೊಮ್ಮೆ ಅವರ ಮನೆಗೆ ಹೋಗ್ತಿದ್ದೆ. ಕಟ್ಟಿಗೆ ಒಡೆದು ಕೊಡ್ತಿದ್ದೆ, ಮಾಡಿನ ಹಂಚು ತಿರುಗಿಸಿ ಕೊಡ್ತಿದ್ದೆ. ಪ್ರತಿ ಸಲ ಇವತ್ತು ಹೇಳಿಬಿಡ್ತೇನೆ ಅಂತಲೇ ಹೊರಡುವುದು. "ಮಗ ಹೋದ್ರೂ ನೀನ್ ಒಬ್ಬ ಇದ್ದೆ ನಂಗೆ" ಅಂತ ಗಂಜಿ ಬಡಿಸುವರು. ಉಪ್ಪಿನಕಾಯಿ ನೆಕ್ಕಿ, ಕೈ ತೊಳೆದು ಬರ್ತಿದ್ದೆ. ಹಟ್ಟಿಯಂಗಡಿಗೆ ಹೋಗಿ ದೇವರ ಎದುರು ಹೇಳಿಕೊಂಡೆ. ದೇವರಿಗೆ ಹೇಳುವುದು ಸುಲಭ, ಅವ ತಿರುಗಿ ಎಂತದೂ ಕೇಳುವುದಿಲ್ಲ.

ಕೇಳುವವ ಬೇರೆಯೇ ಇದ್ದ.

ಮರುವರ್ಷ ವಿಜಯದಶಮಿ. ಈ ಬಾಗಿಲಲ್ಲಿ ಕೂತಿದ್ದೆ. ನಾಲ್ಕು ಐವತ್ತಕ್ಕೆ ಮರವಂತೆ ಕಡೆಯಿಂದ ಸದ್ದು ಬಂತು. ಯಾವ ಎಂಜಿನ್ ಸದ್ದು ಅಂತ ನನಗೆ ಯಾರೂ ಹೇಳ್ಬೇಕಾ? ಎರಡು ಸಲ ಕೆಮ್ಮಿತು, ನಿಂತಿತು. ಆಕಾಶದಲ್ಲಿ ಎಂತದೂ ಕಾಣುವುದಿಲ್ಲ. ಆದ್ರೆ ಹುಲ್ಲು... ಪಡುಗಡೆ ತುದಿಯಿಂದ ಹುಲ್ಲು ಎರಡು ಸಾಲಾಗಿ ಮಲಗ್ತಾ ಬಂತು, ಚಕ್ರ ಹೋದ ಹಾಗೆ, ಸೀದಾ ನನ್ನ ಎದುರಿಗೆ. ಎದುರಿಗೆ ಬಂದು ನಿಂತಾಗ ಕಂಡಿತು. ವಿಮಾನವೂ ಕಂಡಿತು, ಅವನೂ ಕಂಡ. ಗಾಯ ಇಲ್ಲ, ರಕ್ತ ಇಲ್ಲ, ಹೆದರಿಸ್ಲಿಲ್ಲ. ಬೈರಾಸಿನಲ್ಲಿ ಕುತ್ತಿಗೆ ಒರೆಸ್ತಾ ನನ್ನ ಪಕ್ಕ ಕೂತ, ಪುಸ್ತಕ ಬಿಡಿಸಿದ, ಕೇಳಿದ, "ಎಂತ ಆದ್ದ್ ಹಿರಿಯಣ್ಣ? ಪೆಟ್ರೋಲ್ ಇತ್ತಲೆ?" ಬೈದಿದ್ರೆ, ಕುತ್ತಿಗೆ ಹಿಡಿದಿದ್ರೆ ನಾನು ಬದುಕ್ತಿದ್ದೆ. ಅವನಿಗೆ ಗೊತ್ತೇ ಇಲ್ಲ. ತಾನು ಎಲ್ಲಿ ತಪ್ಪಿದ್ದು ಅಂತ ಹುಡುಕ್ತಾ ಇದ್ದ. ನನ್ನ ನಾಲಗೆ ಹೊರಳಿದ್ದು ಅದೇ ಒಂದು ಮಾತಿಗೆ. "ಗೊತ್ತಿಲ್ಲೆ." ಅದನ್ನೇ ಬರೆದುಕೊಂಡ. ಹತ್ತಿ ಹೋದ. ಹುಲ್ಲು ನಿಧಾನಕ್ಕೆ ಎದ್ದು ನಿಂತಿತು.

ಅದರ ಮುಂದಿನ ವರ್ಷ ನಾನು ಓಡಿಹೋದೆ. ಕೆರಾಡಿಯಲ್ಲಿ ನನ್ನ ಅಕ್ಕ ವನಜಳ ಮನೆ, ಕಾಡಿನ ಅಂಚು, ಅಲ್ಲಿ ಹದ್ದು ಹಾರ್ಲಿಕ್ಕೂ ಜಾಗ ಕಮ್ಮಿ. ಅಂಗಳದಲ್ಲಿ ಕೂತು ಕಾಫಿ ಕುಡೀತಿದ್ದೆ. ಅಲ್ಲಿಗೂ ಬಂತು. ಮರದ ಮೇಲೆ ಸುತ್ತು ಹಾಕ್ತಿತ್ತು, ಒಂದು ಸುತ್ತು, ಎರಡು, ಹತ್ತು... ಇಳೀಲಿಕ್ಕೆ ಹುಲ್ಲು ಇಲ್ಲ, ನಾನು ಕೆಳಗೆ ಇದ್ದೇನೆ ಅಂತ ಗೊತ್ತು, ಬಿಟ್ಟು ಹೋಗ್ಲಿಕ್ಕೂ ಮನಸ್ಸಿಲ್ಲ. ಅಕ್ಕನಿಗೆ ಎಂತದೂ ಕೇಳಿಸ್ಲಿಲ್ಲ, ನೀನು ಯಾಕೆ ಅಳ್ತಿದ್ದೀ ಅಂತ ಕೇಳಿದ್ಲು. ಕತ್ತಲಾಗುವವರೆಗೆ ಸುತ್ತಿತು. ಅವತ್ತೇ ನಿಶ್ಚಯ ಮಾಡಿದೆ, ಇನ್ನು ಎಲ್ಲಿಗೂ ಹೋಗುವುದಿಲ್ಲ, ಅವ ಬರುವ ದಿನ ದನ ಅಟ್ಟಿ, ಹುಲ್ಲು ಖಾಲಿ ಇಟ್ಟು ಇಲ್ಲೇ ಇರ್ತೇನೆ. ನನ್ನಿಂದ ಆದದ್ದು ಅಷ್ಟೇ. ಹನ್ನೆರಡು ವರ್ಷ ಆಯ್ತು, ಹನ್ನೊಂದು ಸಲ ಕೇಳಿದ್ದಾನೆ.

ಈ ಆಷಾಢದಲ್ಲಿ ಅಮ್ಮಣ್ಣಿಯಮ್ಮ ಹೋದ್ರು. ನೀವೆಲ್ಲ ಬಂದಿದ್ರಿ. ಕೊನೆಗೆ ನನ್ನ ಕೈ ಹಿಡಿದುಕೊಂಡೇ ಇದ್ರು, ಸುಗುಣ ಔಷಧಿ ತರ್ಲಿಕ್ಕೆ ಹೋಗಿದ್ಲು, ಕೋಣೆಯಲ್ಲಿ ನಾವಿಬ್ಬರೇ. ಆಗಲೂ ಹೇಳ್ಲಿಲ್ಲ. ಸಾಯುವವರ ಮನಸ್ಸು ಯಾಕೆ ನೋಯಿಸುವುದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನೋಡಿ, ಎಷ್ಟು ಒಳ್ಳೆಯವ ನಾನು.

ಇವತ್ತು ನಾಲ್ಕು ಐವತ್ತಕ್ಕೆ ಬಂತು. ನೀವು ಬರುವುದಕ್ಕೆ ಸ್ವಲ್ಪ ಮೊದಲು. ಹುಲ್ಲು ಮಲಗುವಾಗಲೇ ನನಗೆ ಅನ್ನಿಸಿತು, ಇವತ್ತು ಸಾಲು ಆಳ ಇದೆ, ಭಾರ ಜಾಸ್ತಿ. ಒಂದು ಬಾಗಿಲಿನಿಂದ ಅವ ಇಳಿದ. ಇನ್ನೊಂದು ಬಾಗಿಲು ತೆಗೆದು, ಕೈ ಹಿಡಿದು, ಅಮ್ಮಣ್ಣಿಯಮ್ಮನನ್ನು ಇಳಿಸಿದ.

ಈ ಸಲ ಹೇಳಲೇಬೇಕು ಅಂತಿದ್ದೆ. ಬೆಳಿಗ್ಗೆಯಿಂದ ಊಟ ಮಾಡದೆ, ಮಾತು ಒಂದೊಂದೇ ಜೋಡಿಸಿ ಇಟ್ಟಿದ್ದೆ. ಅವ ಪುಸ್ತಕ ಬಿಡಿಸಿ ಕೇಳಿದ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮಣ್ಣಿಯಮ್ಮ ಹೇಳಿದ್ರು, "ಬಿಡ್ ಮಗಾ, ಅವ್ನತ್ರ ಎಷ್ಟ್ ಸಲ ಕೇಂತೆ? ಪಾಪ, ಅವಂಗೆ ಎಂತ ಗೊತ್ತಿತ್ತ್? ಪೆಟ್ರೋಲ್ ಹಾಕೂಕೆ ನೀನೇ ಮರ್ತದ್ದ್."

ಅವ ಅಮ್ಮನ ಮುಖ ಕಂಡ, ನನ್ನ ಮುಖ ಕಂಡ. "ಹೌದಾ ಹಿರಿಯಣ್ಣ? ನಾನೇ ಮರ್ತದ್ದಾ?" ಅಂತ ಕೇಳಿದ. ಇಲ್ಲ ಅಂತ ಒಂದು ಶಬ್ದ ಸಾಕಿತ್ತು, ಅಲ್ವಾ? ತಲೆ ಆಡಿಸಿದ್ರೂ ಸಾಕಿತ್ತು. ನಾನು ಹುಲ್ಲು ನೋಡ್ತಾ ನಿಂತೆ. ಅವ ತುಂಬ ಹೊತ್ತು ಕಾದ. ಆಮೇಲೆ ಪುಸ್ತಕದಲ್ಲಿ ಅದನ್ನೇ ಬರೆದ. ಹನ್ನೆರಡು ವರ್ಷ ನಂಬದವ ಇವತ್ತು ನಂಬಿದ. ಬರೆದು ಮುಚ್ಚಿ, "ಹಂಗಾರೆ ಒಂದ್ ಕ್ಯಾನ್ ಪೆಟ್ರೋಲ್ ತಕಂಡ್ ಬನ್ನಿ ಹಿರಿಯಣ್ಣ, ಇಲ್ದಿರೆ ಅಮ್ಮನ್ನ ಕರ್ಕಂಡ್ ಹೋಪುದ್ ಹ್ಯಾಂಗೆ?" ಅಂದ.

*

ಮಳೆ ಬಹುತೇಕ ನಿಂತಿತ್ತು, ತಗಡಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಸುಜಯ್ ತಲೆ ಎತ್ತಲೇ ಇಲ್ಲ. ಕೊನೆಗೆ ಕ್ಷಮಾ ಮೆಲ್ಲಗೆ ಹೇಳಿದಳು, "ಸುಗುಣಕ್ಕ ಇದಾರಲ್ರೀ. ಅವರ ಹತ್ರ ಆದ್ರೂ ಹೇಳಿಬಿಡ್ರಿ."

"ಅವಳ ಅಂಗಡಿ ಮೆಟ್ಟಿಲು ಹತ್ತಿದ್ರೆ ನನ್ನ ಬಾಯಿ ಕಟ್ಟಿಹೋಗ್ತದೆ ಡಾಕ್ಟ್ರಮ್ಮ" ಎಂದರು ಹಿರಿಯಣ್ಣ. "ನಿಮ್ಮ ಹತ್ತಿರ ಯಾಕೆ ಹೇಳಿದೆ ಅಂದ್ರೆ... ನಿಮ್ಮಲ್ಲಿ ಯಾರಾದ್ರೂ ಅವಳಿಗೆ ಹೇಳ್ಲಿ ಅಂತಲೇ ಇರ್ಬೇಕು. ಹೇಡಿಯ ಬುದ್ಧಿ ಅಲ್ವಾ."

ಅವರು ಎದ್ದು ಪಂಚೆ ಕೊಡವಿದರು. ಬಾಗಿಲ ತನಕ ಹೋಗಿ ಹೊರಗೆ ಕತ್ತು ಚಾಚಿ ನೋಡಿದರು. ಆಮೇಲೆ, ನಮ್ಮ ಕಡೆಗೆ ತಿರುಗದೆಯೇ, ಈ ಸಲ ಶಾಲೆಯ ಕನ್ನಡವನ್ನೂ ಬಿಟ್ಟು ಹೇಳಿದರು.

"ಹೋಪತಿಗೆ ಬೇಲಿ ಬದಿಯಂಗೇ ಹೋಯ್ನಿ, ಹುಲ್ ತುಳೂದ್ ಬ್ಯಾಡ. ಸುಜಯ್, ನಿನ್ ಬೈಕಿನ್ ಸೀಟ್ ಒರ್ಸುದೂ ಬ್ಯಾಡ, ಇಷ್ಟ್ ಮಳಿ ಬಂದ್ರೂ ಒಣಗಿಯೇ ಇತ್ತ್ ಕಾಣ್... ನೀನ್ ನಿಲ್ಸದ್ದ್ ರೆಕ್ಕಿ ಅಡಿಯಂಗೆ. ಅವ್ರ್ ಹೋಯ್ಲಿಲ್ಲೆ. ಪೆಟ್ರೋಲ್ ಇಲ್ಲೆ ಅಂದೇಳಿ ಕೂಕಂಡಿದ್ರ್, ಇಬ್ರೂ. ದಾರಿಯಂಗೆ ಯಾರಾರೂ ಕೈ ಅಡ್ಡ ಹಿಡ್ದ್ ಪೆಟ್ರೋಲ್ ಕೇಂಡ್ರೆ ಹೆದ್ರುದ್ ಬ್ಯಾಡ, ಕೊಡುದೂ ಬ್ಯಾಡ. ಟ್ಯಾಂಕ್ ತುಂಬ ಇತ್ತ್, ನೀನ್ ಮರ್ತದ್ದಲ್ಲ ಅಂದೇಳಿ ಒಂದ್ ಮಾತ್ ಹೇಳಿ. ನನ್ ಕೈಯಂಗೆ ಆಯ್ಲಿಲ್ಲೆ."